ಮೊದಲು ನಾಟಿದ ಮದ್ದು ಆಮೇಲೆ ಏಕೆ ನಾಟುವುದಿಲ್ಲ?

ಕಳೆದ ಸಂಚಿಕೆಯಲ್ಲಿ ಕ್ಯಾನ್ಸರ್ ರೋಗಿಗಳಿಗೆ ಮಾಡಿಸುವ, ಟಿಪಿ53 ಎಂಬ ವಂಶವಾಹಿಯ (ಜೀನ್) ಪರೀಕ್ಷೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಒಂದೇ ಪ್ರಶ್ನೆ ಕೇಳುತ್ತಿರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟಿದ್ದೇನೆ. ಹೆಸರು ಬೇಡ ಎಂದವರ ಹೆಸರು ಹಾಕಿಲ್ಲ. ಉಳಿದವರದ್ದನ್ನೂ ಹಾಕಿಲ್ಲ, ಮನೆಯವರ ಕಾಯಿಲೆಯ ವಿವರ ಊರಿಗೆಲ್ಲ ತಿಳಿಯಬೇಕಾದ ಅಗತ್ಯವಿಲ್ಲ.

ಪ್ರಶ್ನೆ: ನನ್ನ ತಾಯಿಗೆ 58 ವರ್ಷ. ಅಂಡಾಶಯದ ಕ್ಯಾನ್ಸರ್; ವರದಿಯಲ್ಲಿ 'ಹೈ ಗ್ರೇಡ್ ಸೀರಸ್' ಎಂದಿದೆ. ಶಸ್ತ್ರಚಿಕಿತ್ಸೆಯ ಜೊತೆಗೆ ಆರು ಸುತ್ತು ಕಾರ್ಬೊಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಮದ್ದು ಕೊಟ್ಟರು. ರಕ್ತದಲ್ಲಿ ಈ ರೋಗದ ಸುಳಿವು ಕೊಡುವ ಸಿಎ-125 ಮಾಮೂಲಿ ಮಟ್ಟಕ್ಕೆ ಇಳಿಯಿತು, ಹದಿನಾಲ್ಕು ತಿಂಗಳು ಆರಾಮವಾಗಿದ್ದರು. ಮರುಕಳಿಸಿದಾಗ ಅದೇ ಮದ್ದು ಮತ್ತೊಮ್ಮೆ ಕೆಲಸ ಮಾಡಿತು. ಮೂರನೆಯ ಸಲ ಮಾತ್ರ ಏನೂ ನಾಟಲಿಲ್ಲ. ಈಗ ಮಾಡಿಸಿದ ಜೀನ್ ಪರೀಕ್ಷೆಯಲ್ಲಿ 'ಟಿಪಿ53 ಮ್ಯುಟೇಶನ್' ಎಂದು ಬಂದಿದೆ. ಮದ್ದು ನಾಟದಿರಲು ಇದೇ ಕಾರಣವೇ? ಈ ಪರೀಕ್ಷೆಯನ್ನು ಮೊದಲೇ ಮಾಡಿಸದೆ ನಾವು ತಪ್ಪು ಮಾಡಿದೆವೇ? (ಹೆಸರು ಬೇಡ, ದಾವಣಗೆರೆ)

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಎಂದು ನನಗನ್ನಿಸುತ್ತದೆ. ನೀವು ತಪ್ಪು ಮಾಡಿಲ್ಲ. ಅಮೆರಿಕದ ಸಂಶೋಧಕರು ನಿಮ್ಮ ತಾಯಿಗೆ ಬಂದಿರುವಂಥದ್ದೇ 489 ಅಂಡಾಶಯದ ಗಡ್ಡೆಗಳನ್ನು ಪರಿಶೀಲಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು; ಶೇಕಡಾ 96ರಷ್ಟು ಗಡ್ಡೆಗಳಲ್ಲಿ ಟಿಪಿ53 ವಂಶವಾಹಿ ಕೆಟ್ಟಿತ್ತು. ಅಂದರೆ ಈ ಬಗೆಯ ಕ್ಯಾನ್ಸರಿನಲ್ಲಿ ಅದು ಬಹುತೇಕ ಗಡ್ಡೆಯ ಹುಟ್ಟಿನಿಂದಲೇ ಜೊತೆಗಿರುವ ದೋಷ. ಮೊದಲ ಸುತ್ತಿನಲ್ಲಿ ಮದ್ದು ಚೆನ್ನಾಗಿ ನಾಟಿದಾಗಲೂ ನಿಮ್ಮ ತಾಯಿಯ ಗಡ್ಡೆಯಲ್ಲಿ ಇದೇ ದೋಷ ಇದ್ದಿರಬೇಕು. ಆಗಲೇ ಗೊತ್ತಾಗಿದ್ದರೂ ವೈದ್ಯರು ಅದೇ ಕಾರ್ಬೊಪ್ಲಾಟಿನ್ ಕೊಡುತ್ತಿದ್ದರು, ಕೊಡಬೇಕಾದದ್ದೂ ಅದೇ.

ಹಾಗಾದರೆ ಮೂರನೆಯ ಸಲ ಏನಾಯಿತು ಎಂಬ ಮೊದಲ ಪ್ರಶ್ನೆಗೆ ಬರೋಣ. ಅದಕ್ಕೆ ಮುಂಚೆ ನಮ್ಮಲ್ಲಿ ಬಹಳ ಜನರ ಮನಸ್ಸಿನಲ್ಲಿ, ಕೆಲವೊಮ್ಮೆ ವೈದ್ಯ ವಿದ್ಯಾರ್ಥಿಗಳ ಮನಸ್ಸಿನಲ್ಲೂ, ಬೇರೂರಿರುವ ಒಂದು ಕಲ್ಪನೆಯನ್ನು ಬದಿಗಿಡಬೇಕಾಗುತ್ತದೆ. ಕೀಮೋ ಎಂದರೆ ವಿಷ, ಅದು ಜೀವಕೋಶವನ್ನು ನೇರವಾಗಿ ಕೊಲ್ಲುತ್ತದೆ, ವಿಷಕ್ಕೆ ಒಗ್ಗಿಕೊಂಡ ಜೀವಕೋಶ ಬದುಕುತ್ತದೆ ಎಂಬುದು ಆ ಕಲ್ಪನೆ. ಇದರಲ್ಲಿ ಅರ್ಧ ಮಾತ್ರ ಸತ್ಯ. ಕಾರ್ಬೊಪ್ಲಾಟಿನ್, ಡಾಕ್ಸೊರುಬಿಸಿನ್, ಎಟೊಪೊಸೈಡ್ ಮೊದಲಾದ ಮದ್ದುಗಳು ಮುಖ್ಯವಾಗಿ ಮಾಡುವುದು ಡಿಎನ್‌ಎಗೆ ಗಾಯ. ಆ ಗಾಯವನ್ನು ಅಳೆದು, ಇದು ರಿಪೇರಿಯಾಗುವಂಥದ್ದೋ ಅಲ್ಲವೋ ಎಂದು ತೂಗಿ, ರಿಪೇರಿಯಾಗದು ಎಂದಾದರೆ ಜೀವಕೋಶಕ್ಕೆ 'ಇನ್ನು ನೀನು ಸಾಯಬೇಕು' ಎಂದು ಆಜ್ಞೆ ಹೊರಡಿಸುವುದು ಜೀವಕೋಶದೊಳಗೇ ಇರುವ ಪ್ರೋಟೀನುಗಳು. ಟಿಪಿ53 ವಂಶವಾಹಿಯಿಂದ ತಯಾರಾಗುವ, 393 ಅಮೈನೋ ಆಮ್ಲಗಳ ಪಿ53 ಎಂಬ ಪ್ರೋಟೀನು ಅವುಗಳಲ್ಲಿ ಮುಖ್ಯವಾದದ್ದು. ಪಿ21 ಎಂಬ ಪ್ರೋಟೀನನ್ನು ತಯಾರಿಸಿ ಜೀವಕೋಶದ ವಿಭಜನೆಯನ್ನು ತಡೆಹಿಡಿಯುವುದು ಇದರ ಒಂದು ಕೆಲಸ. ಬ್ಯಾಕ್ಸ್, ಪ್ಯೂಮಾ ಮೊದಲಾದವನ್ನು ತಯಾರಿಸಿ ಸಾವಿನ ಯಂತ್ರವನ್ನು ಚಾಲೂ ಮಾಡುವುದು ಇನ್ನೊಂದು. ಇಂಥವನ್ನೇ ಗಡ್ಡೆ ನಿಗ್ರಾಹಕ ಪ್ರೋಟೀನುಗಳು ಎನ್ನುವುದು. ಗಡ್ಡೆ ಹುಟ್ಟದಂತೆ ಕಾಯುವ ಇವೇ ಚಿಕಿತ್ಸೆಯ ಕಾಲದಲ್ಲಿ ಮದ್ದಿನ ಕೈಯಾಳುಗಳೂ ಆಗಿರುತ್ತವೆ. ಕೈಯಾಳು ಇಲ್ಲದ ಜೀವಕೋಶದಲ್ಲಿ ಮದ್ದು ಒಳಗೆ ಹೋಗುತ್ತದೆ, ಗಾಯವನ್ನೂ ಮಾಡುತ್ತದೆ. ಸಾಯುವ ಆಜ್ಞೆ ಮಾತ್ರ ಹೊರಡುವುದಿಲ್ಲ.

ಪಿ53 ಅನ್ನು 1979ರಲ್ಲಿ ಕಂಡುಹಿಡಿದಾಗ ಅದನ್ನು ಕ್ಯಾನ್ಸರ್ ಹುಟ್ಟಿಸುವ ಪ್ರೋಟೀನು ಎಂದೇ ತಿಳಿದಿದ್ದರು. ಹತ್ತು ವರ್ಷಗಳ ನಂತರ, 1989ರಲ್ಲಿ, ಅಮೆರಿಕದ ಬರ್ಟ್ ವೋಗಲ್‌ಸ್ಟೈನ್ ಅವರ ತಂಡ ದೊಡ್ಡ ಕರುಳಿನ ಗಡ್ಡೆಗಳನ್ನು ಪರೀಕ್ಷಿಸಿ, ಅಲ್ಲಿ ಈ ವಂಶವಾಹಿ ಕೆಟ್ಟಿರುತ್ತದೆ, ಸರಿಯಿರುವಾಗ ಅದು ಕಾಯುವಂಥದ್ದು ಎಂದು ತೋರಿಸಿತು. ಮದ್ದಿನ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಪ್ರಯೋಗ 1993ರದ್ದು: ಸ್ಕಾಟ್ ಲೋವ್ ಮತ್ತು ಸಂಗಡಿಗರು ಪಿ53 ಇರುವ ಮತ್ತು ಇಲ್ಲದ ಇಲಿ ಜೀವಕೋಶಗಳನ್ನು, ಕ್ಯಾನ್ಸರಿನ ಕಡೆಗೆ ತಿರುಗಿಸಿದ ನಂತರ, ಒಂದೇ ಮದ್ದಿಗೆ ಒಡ್ಡಿದರು. ಪಿ53 ಇದ್ದವು ಸತ್ತವು. ಇಲ್ಲದವುಗಳಲ್ಲಿ ಬಹಳಷ್ಟು ಅದೇ ಪ್ರಮಾಣದ ಮದ್ದನ್ನು ತಡೆದುಕೊಂಡು ಬದುಕಿದವು.

ಮನುಷ್ಯರಲ್ಲಿ ಇದಕ್ಕೆ ಒಳ್ಳೆಯ ಸಾಕ್ಷಿ ವೃಷಣದ ಕ್ಯಾನ್ಸರು. ಆ ಬಳಗದ ಗಡ್ಡೆಗಳಲ್ಲಿ ಟಿಪಿ53 ಕೆಡುವುದು ಅಪರೂಪ, ಮತ್ತು ದೇಹದ ಬೇರೆ ಕಡೆಗೆ ಹರಡಿದ ಮೇಲೂ ಕಾರ್ಬೊಪ್ಲಾಟಿನ್ ಜಾತಿಯದ್ದೇ ಆದ ಸಿಸ್‌ಪ್ಲಾಟಿನ್‌ನಿಂದ ಹೆಚ್ಚಿನವರು ಗುಣವಾಗುತ್ತಾರೆ. 2011ರ ವಿಶ್ವಕಪ್ ಗೆದ್ದ ಮೇಲೆ ಕ್ರಿಕೆಟಿಗ ಯುವರಾಜ್ ಸಿಂಗ್ ಅವರ ಎದೆಯೊಳಗೆ ಪತ್ತೆಯಾದದ್ದೂ ಇದೇ ಬಳಗಕ್ಕೆ ಸೇರಿದ ಗಡ್ಡೆ. ಚಿಕಿತ್ಸೆ ಮುಗಿಸಿ 2012ರಲ್ಲೇ ಅವರು ಮತ್ತೆ ಮೈದಾನಕ್ಕೆ ಇಳಿದರು. ಪಿ53 ಸುಸ್ಥಿತಿಯಲ್ಲಿರುವುದೊಂದೇ ಇದಕ್ಕೆಲ್ಲ ಕಾರಣವೆಂದು ನಾನು ಹೇಳುವುದಿಲ್ಲ, ಆದರೆ ಅದು ದೊಡ್ಡ ಕಾರಣ. ಇದಕ್ಕೆ ತದ್ವಿರುದ್ಧವಾದ ಸಾಕ್ಷಿ ಸಿಎಲ್‌ಎಲ್ ಎಂಬ ರಕ್ತದ ಕ್ಯಾನ್ಸರಿನಲ್ಲಿ ಸಿಗುತ್ತದೆ. ಹದಿನೇಳನೆಯ ಕ್ರೋಮೊಸೋಮಿನ ಗಿಡ್ಡ ತೋಳು ಕಳೆದುಹೋಗಿದ್ದರೆ ('17ಪಿ ಡಿಲೀಶನ್' ಎಂದು ವರದಿಯಲ್ಲಿ ಬರೆದಿರುತ್ತಾರೆ) ಅದರೊಂದಿಗೆ ಟಿಪಿ53 ಕೂಡ ಹೋಗಿರುತ್ತದೆ. ಅಂಥವರಿಗೆ ಫ್ಲುಡಾರಬಿನ್ ಮೊದಲಾದ ಹಳೆಯ ಕೀಮೋ ಬಹಳ ಕಡಿಮೆ ನಾಟುತ್ತದೆ. ಇಬ್ರುಟಿನಿಬ್, ವೆನೆಟೊಕ್ಲಾಕ್ಸ್‌ನಂಥ ಗುಳಿಗೆಗಳು ಮಾತ್ರ ಅವರಲ್ಲೂ ಕೆಲಸ ಮಾಡುತ್ತವೆ. ವೆನೆಟೊಕ್ಲಾಕ್ಸ್ ಸಾವಿನ ಯಂತ್ರಕ್ಕೆ ಹಾಕಿರುವ ಬೀಗವನ್ನೇ ತೆಗೆಯುವ ಮದ್ದಾದ್ದರಿಂದ ಪಿ53ಯ ಆಜ್ಞೆಗಾಗಿ ಕಾಯುವುದಿಲ್ಲ. ಸಿಎಲ್‌ಎಲ್‌ಗೆ ಚಿಕಿತ್ಸೆ ಶುರುಮಾಡುವ ಮುನ್ನ 17ಪಿ ಮತ್ತು ಟಿಪಿ53 ಪರೀಕ್ಷೆ ಮಾಡಿಸುವುದು ಇಂದು ಕಡ್ಡಾಯವೆಂದೇ ನಾನು ಭಾವಿಸುತ್ತೇನೆ. ಅಲ್ಲಿ ಮಾಡಿಸದಿದ್ದರೆ ಅದು ತಪ್ಪು.

ವರದಿಗಳನ್ನು ಓದುವಾಗ ಎಲ್ಲರನ್ನೂ ಗೊಂದಲಕ್ಕೆ ದೂಡುವ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಮೂವತ್ತು ವರ್ಷ ಸೂಕ್ಷ್ಮದರ್ಶಕದ ಮುಂದೆ ಕೂತವನು ನಾನು. ಇದನ್ನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ. ಗಡ್ಡೆಯ ತುಣುಕನ್ನು ಮೇಣದ ಅಚ್ಚಿನಲ್ಲಿ ಕೂರಿಸಿ, ಮಿಲಿಮೀಟರಿನ ಸಾವಿರದಲ್ಲಿ ನಾಲ್ಕು ಪಾಲಿನಷ್ಟು ತೆಳ್ಳಗೆ ಹೆರೆದು, ಗಾಜಿನ ಮೇಲೆ ಹರಡಿ, ಪಿ53ಗೆ ಅಂಟಿಕೊಳ್ಳುವ ಪ್ರತಿಕಾಯವನ್ನು ಹಾಕಿ ಬಣ್ಣ ಬರಿಸುತ್ತಾರೆ. ಪಿ53 ಇದ್ದಲ್ಲಿ ಕೋಶಕೇಂದ್ರ ಕಂದು ಬಣ್ಣಕ್ಕೆ ತಿರುಗುತ್ತದೆ, ಇಲ್ಲದಲ್ಲಿ ತಿಳಿ ನೀಲಿಯಾಗಿ ಉಳಿಯುತ್ತದೆ. ಆರೋಗ್ಯವಾಗಿರುವ ಅಂಗಾಂಶದಲ್ಲಿ ಅಲ್ಲೊಂದು ಇಲ್ಲೊಂದು ಕೇಂದ್ರ ಮಾತ್ರ ಮಾಸಲು ಕಂದು. ನಿಮ್ಮ ತಾಯಿಯಂಥವರ ಗಡ್ಡೆಯಲ್ಲಿ ಬಹಳ ಸಲ ಸಾಲಿಗೆ ಸಾಲೇ ಸುಟ್ಟ ಕಾಫಿಬೀಜದ ಬಣ್ಣಕ್ಕೆ ತಿರುಗಿರುತ್ತದೆ. ನೋಡಿದವರಿಗೆ 'ಪಿ53 ಇಷ್ಟೊಂದಿದೆಯಲ್ಲ, ಒಳ್ಳೆಯದೇ ಆಯಿತು' ಅನ್ನಿಸಬೇಕು. ಆದರೆ ಅದು ಕೆಟ್ಟ ಸುದ್ದಿ. ಸರಿಯಾಗಿರುವ ಪಿ53 ತನ್ನನ್ನೇ ನಾಶಮಾಡುವ ಎಂಡಿಎಂ2 ಎಂಬ ಪ್ರೋಟೀನನ್ನೂ ತಾನೇ ತಯಾರಿಸಿಕೊಳ್ಳುತ್ತದೆ; ಹೀಗಾಗಿ ಮಾಮೂಲಿ ದಿನಗಳಲ್ಲಿ ಅದರ ಅರ್ಧಾಯುಷ್ಯ ಸುಮಾರು ಇಪ್ಪತ್ತು ನಿಮಿಷ ಅಷ್ಟೇ. ಕೆಟ್ಟ ಪಿ53ಗೆ ಎಂಡಿಎಂ2 ತಯಾರಿಸುವ ಆಜ್ಞೆ ಕೊಡಲೂ ಬರುವುದಿಲ್ಲ, ಆದ್ದರಿಂದ ನಾಶವಾಗದೆ ರಾಶಿ ಬೀಳುತ್ತದೆ. ಕೆಲವು ಗಡ್ಡೆಗಳಲ್ಲಿ ಇನ್ನೊಂದು ತುದಿಯನ್ನೂ ನೋಡಿದ್ದೇನೆ: ಸುತ್ತಲಿನ ಸಾಧಾರಣ ಜೀವಕೋಶಗಳಲ್ಲಿ ನಸುಗಂದು ಕಾಣುತ್ತಿದ್ದರೂ ಗಡ್ಡೆಯಲ್ಲಿ ಒಂದೇ ಒಂದು ಕಂದು ಚುಕ್ಕೆಯಿರುವುದಿಲ್ಲ, ವಂಶವಾಹಿ ಎಷ್ಟು ಕೆಟ್ಟಿದೆಯೆಂದರೆ ಪ್ರೋಟೀನೇ ಹುಟ್ಟಿಲ್ಲ. ವರದಿಯಲ್ಲಿ 'ಪಿ53 ಪಾಸಿಟಿವ್' ಎಂದು ಕಂಡು ಸಮಾಧಾನಪಟ್ಟುಕೊಂಡವರೂ, 'ನೆಗೆಟಿವ್' ಎಂದು ಕಂಡು ಹರಕೆ ತೀರಿಸಿದವರೂ ನನಗೆ ಗೊತ್ತು. ಎರಡೂ ಪದಗಳನ್ನು ವರದಿ ಬರೆಯುವ ನಾವೇ ಬಿಡಬೇಕಾಗಿತ್ತು.

ಇನ್ನು ನಿಮ್ಮ ತಾಯಿಯ ವಿಷಯ. ಪಿ53 ಕೆಟ್ಟಿದ್ದರೂ ಮೊದಲು ಮದ್ದು ನಾಟಿತಲ್ಲ, ಅದು ಹೇಗೆ? ಈ ಬಗೆಯ ಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಡಿಎನ್‌ಎಯ ಎರಡೂ ಎಳೆ ತುಂಡಾದಾಗ ಜೋಡಿಸುವ ವ್ಯವಸ್ಥೆಯೇ ಹಾಳಾಗಿರುತ್ತದೆ. ಕಾರ್ಬೊಪ್ಲಾಟಿನ್ ಮಾಡಿದ ಗಾಯವನ್ನು ಸರಿಪಡಿಸಿಕೊಳ್ಳಲಾಗದೆ, ಆದರೂ ವಿಭಜನೆಯನ್ನು ನಿಲ್ಲಿಸದೆ, ಆ ಜೀವಕೋಶಗಳು ಹರಿದ ಕ್ರೋಮೊಸೋಮುಗಳೊಂದಿಗೆ ಮುಗ್ಗರಿಸಿ ಸಾಯುತ್ತವೆ. ಅಲ್ಲಿ ಪಿ53ಯ ಆಜ್ಞೆಯೇ ಬೇಕಾಗುವುದಿಲ್ಲ. ಆದ್ದರಿಂದ 'ಟಿಪಿ53 ಕೆಟ್ಟಿದೆ, ಹಾಗಾಗಿ ಕೀಮೋ ವ್ಯರ್ಥ' ಎಂದು ಯಾರಾದರೂ ಹೇಳಿದರೆ ಯಾವ ಕ್ಯಾನ್ಸರು, ಯಾವ ಕೀಮೋ ಎಂದು ತಿರುಗಿ ಕೇಳಿ.

ಮದ್ದು ಮೊದಲು ನಾಟಿ ಆಮೇಲೆ ನಾಟದಿರುವಾಗ ಗಡ್ಡೆಯಲ್ಲಿ ಹೊಸದಾಗಿ ಏನಾದರೂ ಬದಲಾಗಿರಬೇಕು. ಆಸ್ಟ್ರೇಲಿಯಾದ ತಂಡವೊಂದು ಇಂಥ 92 ರೋಗಿಗಳ ಗಡ್ಡೆಯ ಪೂರ್ತಿ ಡಿಎನ್‌ಎಯನ್ನು ಓದಿ 2015ರಲ್ಲಿ ವರದಿ ಮಾಡಿತು. ಅಲ್ಲಿ ಕಂಡದ್ದು ಒಂದೇ ಕಾರಣವಲ್ಲ. ಕೆಲವರಲ್ಲಿ ಆರ್‌ಬಿ1, ಎನ್‌ಎಫ್1, ಪಿಟೆನ್ ಎಂಬ ಬೇರೆ ಗಡ್ಡೆ ನಿಗ್ರಾಹಕ ವಂಶವಾಹಿಗಳು ಮುರಿದಿದ್ದವು. ಕೆಲವರಲ್ಲಿ ಹಿಂದೆ ಕೆಟ್ಟಿದ್ದ, ಡಿಎನ್‌ಎ ರಿಪೇರಿಗೆ ಬೇಕಾದ ಬಿಆರ್‌ಸಿಎ ವಂಶವಾಹಿ ಮರಳಿ ಸರಿಯಾಗಿತ್ತು. ಇನ್ನು ಕೆಲವರಲ್ಲಿ ಒಳಬಂದ ಮದ್ದನ್ನು ಹೊರಕ್ಕೆ ಎತ್ತಿಹಾಕುವ ಪಂಪಿನಂಥ ಪ್ರೋಟೀನು ವಿಪರೀತ ಹೆಚ್ಚಿತ್ತು. ಈ ಪಂಪು ಪ್ಯಾಕ್ಲಿಟ್ಯಾಕ್ಸೆಲ್ಲನ್ನು ಹೊರಹಾಕುತ್ತದೆ. ನಿಮ್ಮ ತಾಯಿಯಲ್ಲಿ ಇವುಗಳಲ್ಲಿ ಯಾವುದು ಎಂಬುದನ್ನು ಟಿಪಿ53 ಎಂಬ ಒಂದು ಸಾಲು ಹೇಳುವುದಿಲ್ಲ. ಆ ವರದಿಯ ಉಳಿದ ಪುಟಗಳಲ್ಲಿ ಬಿಆರ್‌ಸಿಎ1, ಬಿಆರ್‌ಸಿಎ2 ಬಗ್ಗೆ ಏನಿದೆ, ಪರೀಕ್ಷೆಗೆ ಕಳಿಸಿದ ತುಣುಕು ಮೊದಲ ಶಸ್ತ್ರಚಿಕಿತ್ಸೆಯದೋ ಈಗ ತೆಗೆದದ್ದೋ, ಎಂಬ ಎರಡನ್ನು ವೈದ್ಯರ ಬಳಿ ಕೇಳಿ. ಎರಡು ವರ್ಷ ಹಳೆಯ ಮೇಣದ ಅಚ್ಚಿನಿಂದ ಮಾಡಿದ ಪರೀಕ್ಷೆಯಾದರೆ ಅದು ಮದ್ದು ನಾಟುತ್ತಿದ್ದ ಕಾಲದ ಗಡ್ಡೆಯ ಚಿತ್ರ, ಈಗಿನದ್ದಲ್ಲ.

ಪ್ರಶ್ನೆ: ನನ್ನ ಚಿಕ್ಕಮ್ಮನಿಗೆ ಬಿಆರ್‌ಸಿಎ2 ದೋಷವಿದೆಯೆಂದು ಓಲಾಪರಿಬ್ ಗುಳಿಗೆ ಕೊಟ್ಟರು. ಒಂದೂವರೆ ವರ್ಷ ಚೆನ್ನಾಗಿ ನಾಟಿತು. ಈಗ ಗಡ್ಡೆ ಮತ್ತೆ ಬೆಳೆದಿದ್ದು, ಹೊಸ ವರದಿಯಲ್ಲಿ 'ರಿವರ್ಷನ್' ಎಂದಿದೆ, ಅಂದರೆ ಕೆಟ್ಟ ಜೀನ್ ಸರಿಯಾಗಿದೆಯಂತೆ. ಜೀನ್ ಸರಿಯಾದರೆ ರೋಗ ಕಡಿಮೆಯಾಗಬೇಕಲ್ಲವೇ? (ಓದುಗರೊಬ್ಬರು, ಮಂಗಳೂರು)

ಉತ್ತರ: ಈ ತಿಂಗಳು ಬಂದ ಪತ್ರಗಳಲ್ಲಿ ನನಗೆ ಅತ್ಯಂತ ಹಿಡಿಸಿದ ಪ್ರಶ್ನೆ ಇದು, ಏಕೆಂದರೆ ನಿಮ್ಮ ತರ್ಕದಲ್ಲಿ ಯಾವ ದೋಷವೂ ಇಲ್ಲ, ವಿಚಿತ್ರವಾಗಿರುವುದು ರೋಗವೇ.

ಬಿಆರ್‌ಸಿಎ ಪ್ರೋಟೀನುಗಳೂ ಗಡ್ಡೆ ನಿಗ್ರಾಹಕಗಳೇ. ಆದರೆ ಪಿ53ಯಂತೆ ಆಜ್ಞೆ ಕೊಡುವವಲ್ಲ, ರಿಪೇರಿ ಮಾಡುವವು: ಡಿಎನ್‌ಎಯ ಎರಡೂ ಎಳೆ ತುಂಡಾದಾಗ ತಪ್ಪಿಲ್ಲದಂತೆ ಜೋಡಿಸುತ್ತವೆ. ಇವು ಕೆಟ್ಟಾಗ ತಪ್ಪುಗಳು ಸೇರುತ್ತ ಹೋಗಿ ಕ್ಯಾನ್ಸರ್ ಹುಟ್ಟುತ್ತದೆ. ಆದರೆ ಒಮ್ಮೆ ಹುಟ್ಟಿದ ಆ ಗಡ್ಡೆಗೆ ತನ್ನದೇ ಡಿಎನ್‌ಎಯನ್ನು ಸರಿಯಾಗಿ ಜೋಡಿಸಿಕೊಳ್ಳಲು ಬರುವುದಿಲ್ಲ, ಅದು ಅದರ ದೌರ್ಬಲ್ಯ. ಒಂದು ಎಳೆಯ ಸಣ್ಣ ಸೀಳುಗಳನ್ನು ಸರಿಪಡಿಸಲು ಪಾರ್ಪ್ ಎಂಬ ಇನ್ನೊಂದು ಪ್ರೋಟೀನು ಬೇಕು. ಓಲಾಪರಿಬ್ ಅದನ್ನು ಡಿಎನ್‌ಎಯ ಮೇಲೆಯೇ ಸಿಕ್ಕಿಹಾಕಿಸಿಬಿಡುತ್ತದೆ. ಸಣ್ಣ ಸೀಳು ದೊಡ್ಡ ತುಂಡಾಗುತ್ತದೆ. ಬಿಆರ್‌ಸಿಎ ಇಲ್ಲದ ಜೀವಕೋಶ ಸಾಯುತ್ತದೆ, ಇರುವ ಜೀವಕೋಶ ಉಳಿಯುತ್ತದೆ. ಎರಡು ತಂಡಗಳು ಪ್ರತ್ಯೇಕವಾಗಿ ಇದನ್ನು 2005ರಲ್ಲಿ ತೋರಿಸಿದವು, 2014ರಲ್ಲಿ ಮದ್ದು ಅಮೆರಿಕ ಮತ್ತು ಯುರೋಪಿನ ಅನುಮತಿ ಪಡೆಯಿತು. ಗಡ್ಡೆಯನ್ನು ಹುಟ್ಟಿಸಿದ ದೋಷವನ್ನೇ ಹಿಡಿದು ಅದನ್ನು ಕೆಡವುವ ಈ ಉಪಾಯ ಕ್ಯಾನ್ಸರ್ ಚಿಕಿತ್ಸೆಯಲ್ಲಿ ನಾನು ಕಂಡ ಅತ್ಯಂತ ಜಾಣ ಉಪಾಯ.

ಹಾಗಾದ್ದರಿಂದ ಗಡ್ಡೆಯಲ್ಲಿ ಬಿಆರ್‌ಸಿಎ ಮರಳಿ ಬಂದರೆ ಲಾಭ ಗಡ್ಡೆಗೇ. ಅದು ಹೇಗೆ ಮರಳುತ್ತದೆ ಎಂಬುದನ್ನು ಕನ್ನಡದಲ್ಲೇ ತೋರಿಸಬಹುದು. ವಂಶವಾಹಿಯನ್ನು ಜೀವಕೋಶ ಮೂರು ಮೂರು ಅಕ್ಷರಗಳ ಪದಗಳಾಗಿ ಓದುತ್ತದೆ. 'ಅವನು ಮರವ ಕಡಿದ ಬಳಿಕ ಮನೆಗೆ ನಡೆದ' ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ಎರಡನೆಯ ಪದದಿಂದ 'ರ' ಒಂದನ್ನು ಕಿತ್ತುಹಾಕಿ, ಮೂರು ಮೂರು ಅಕ್ಷರದ ಓದನ್ನು ಮಾತ್ರ ಬಿಡದೆ ಮುಂದುವರಿಸಿದರೆ 'ಅವನು ಮವಕ ಡಿದಬ ಳಿಕಮ ನೆಗೆನ ಡೆದ' ಎಂದಾಗುತ್ತದೆ. ಒಂದು ಅಕ್ಷರ ಬಿದ್ದದ್ದಕ್ಕೆ ಅಲ್ಲಿಂದಾಚೆಗೆ ಇಡೀ ವಾಕ್ಯ ಅರ್ಥ ಕಳೆದುಕೊಂಡಿತು. ಬಿಆರ್‌ಸಿಎ2ರಲ್ಲಿ ಕಾಣುವ ಬಹಳಷ್ಟು ದೋಷಗಳು ಇಂಥವು. ಈಗ ಅದೇ ಕೆಟ್ಟ ವಾಕ್ಯದಿಂದ 'ಡಿ', 'ದ' ಎಂಬ ಇನ್ನೆರಡು ಅಕ್ಷರಗಳೂ ಬಿದ್ದುಹೋದವೆನ್ನಿ: 'ಅವನು ಮವಕ ಬಳಿಕ ಮನೆಗೆ ನಡೆದ'. ನಡುವೆ ಒಂದು ಪದ ತೊದಲಿದರೂ ಉಳಿದದ್ದು ಮತ್ತೆ ಓದಲು ಬಂತು. ಓಲಾಪರಿಬ್ ತೆಗೆದುಕೊಳ್ಳುತ್ತಿರುವವರ ಗಡ್ಡೆಯಲ್ಲಿ ಕೋಟಿಗಟ್ಟಲೆ ಜೀವಕೋಶಗಳ ಪೈಕಿ ಎಲ್ಲೋ ಒಂದರಲ್ಲಿ ಇಂಥ ಎರಡನೆಯ ತಪ್ಪು ಆಕಸ್ಮಿಕವಾಗಿ ನಡೆಯುತ್ತದೆ. ಮದ್ದು ಅದನ್ನು ಹುಟ್ಟಿಸುವುದಿಲ್ಲ. ಉಳಿದವನ್ನೆಲ್ಲ ಕೊಂದು ಅದೊಂದಕ್ಕೆ ಜಾಗ ಮಾಡಿಕೊಡುತ್ತದೆ. 2008ರಲ್ಲಿ ಇದನ್ನು ಮೊದಲ ಬಾರಿಗೆ ಸ್ಪಷ್ಟವಾಗಿ ಗುರುತಿಸಿದರು. ಹೀಗೆ ಮರಳಿದ ಬಿಆರ್‌ಸಿಎ ಕಾರ್ಬೊಪ್ಲಾಟಿನ್ ಮಾಡಿದ ಗಾಯವನ್ನೂ ಸರಿಪಡಿಸಿಬಿಡುವುದರಿಂದ, ಓಲಾಪರಿಬ್ ಸೋತ ಮೇಲೆ ಪ್ಲಾಟಿನಮ್ ಮದ್ದುಗಳೂ ಸೊರಗುವುದನ್ನು ಕಾಣುತ್ತೇವೆ. ಮುಂದಿನ ಮದ್ದನ್ನು ಆಯುವಾಗ ನಿಮ್ಮ ವೈದ್ಯರು ಆ 'ರಿವರ್ಷನ್' ಪದವನ್ನು ಗಂಭೀರವಾಗಿ ತೆಗೆದುಕೊಳ್ಳುವುದು ಇದಕ್ಕೇ.

ನೀವು ಕೇಳದ ಒಂದು ಮಾತನ್ನೂ ಸೇರಿಸುತ್ತೇನೆ. ಸರಿಯಾಗಿರುವುದು ಗಡ್ಡೆಯ ಜೀವಕೋಶಗಳಲ್ಲಿ ಮಾತ್ರ. ಚಿಕ್ಕಮ್ಮನ ದೋಷ ಹುಟ್ಟಿನಿಂದ ಬಂದದ್ದಾಗಿದ್ದರೆ ಅವರ ರಕ್ತದಲ್ಲಿ, ದೇಹದ ಬೇರೆಲ್ಲ ಕಡೆ, ಅದು ಹಾಗೆಯೇ ಇದೆ. ಅವರ ಪ್ರತಿ ಮಗುವಿಗೂ ಅದು ದಾಟಿರುವ ಸಾಧ್ಯತೆ ಅರ್ಧಕ್ಕರ್ಧ. 'ಜೀನ್ ಸರಿಹೋಯಿತಂತೆ, ಇನ್ನು ಮಕ್ಕಳಿಗೆ ಪರೀಕ್ಷೆ ಏಕೆ' ಎಂದು ಮನೆಯಲ್ಲಿ ಯಾರೂ ಸುಮ್ಮನಾಗಬಾರದು. ಗಂಡುಮಕ್ಕಳಿಗೂ ಇದು ಅನ್ವಯಿಸುತ್ತದೆ.

ಪ್ರಶ್ನೆ: ಅಕ್ಕನ ಸ್ತನ ಕ್ಯಾನ್ಸರಿಗೆ ಪಾಲ್ಬೊಸಿಕ್ಲಿಬ್ ಶುರುಮಾಡಬೇಕೆಂದಿದ್ದಾರೆ. ಆರ್‌ಬಿ ಪ್ರೋಟೀನು ಇಲ್ಲದಿದ್ದರೆ ಅದು ನಾಟುವುದಿಲ್ಲ ಎಂದು ಓದಿದೆ. ಮೊದಲು ಆ ಪರೀಕ್ಷೆ ಮಾಡಿಸಬೇಕೇ? (ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ನೀವು ಓದಿದ್ದು ಸರಿ, ಆದರೂ ಮಾಡಿಸಬೇಕಾಗಿಲ್ಲ. ಜೀವಕೋಶ ವಿಭಜನೆಗೆ ಹೊರಡುವ ಬಾಗಿಲನ್ನು ಆರ್‌ಬಿ ಹಿಡಿದು ನಿಂತಿರುತ್ತದೆ. ಸಿಡಿಕೆ4, ಸಿಡಿಕೆ6 ಎಂಬ ಕಿಣ್ವಗಳು ಅದನ್ನು ಪಕ್ಕಕ್ಕೆ ಸರಿಸುತ್ತವೆ. ಆ ಕಿಣ್ವಗಳನ್ನು ಪಾಲ್ಬೊಸಿಕ್ಲಿಬ್ ತಡೆಯುತ್ತದೆ. ಬಾಗಿಲು ಹಿಡಿಯುವವನೇ ಇಲ್ಲದಿದ್ದರೆ, ಅವನನ್ನು ಸರಿಸುವವರನ್ನು ತಡೆದು ಪ್ರಯೋಜನವಿಲ್ಲ. ಆದರೆ ಹಾರ್ಮೋನಿಗೆ ಸ್ಪಂದಿಸುವ ಸ್ತನ ಕ್ಯಾನ್ಸರಿನಲ್ಲಿ ಚಿಕಿತ್ಸೆಗೆ ಮುಂಚೆಯೇ ಆರ್‌ಬಿ ಕಳೆದುಹೋಗಿರುವುದು ಅಪರೂಪ. ಮದ್ದು ತೆಗೆದುಕೊಂಡ ನಂತರವೂ, ಒಂದು ದೊಡ್ಡ ಪ್ರಯೋಗದ ರೋಗಿಗಳ ರಕ್ತದಲ್ಲಿ ತೇಲುವ ಡಿಎನ್‌ಎಯನ್ನು ನೋಡಿದಾಗ, ಶೇಕಡಾ 5ರಷ್ಟು ಜನರಲ್ಲಿ ಮಾತ್ರ ಹೊಸ ಆರ್‌ಬಿ1 ದೋಷ ಕಂಡಿತು. ಅಕ್ಕನವರಿಗೆ ಗುಳಿಗೆ ಶುರುವಾಗಲಿ. ವಾರಗಳು ಕಳೆದಂತೆ ಬಿಳಿ ರಕ್ತಕಣಗಳ ಎಣಿಕೆ ಇಳಿಯುತ್ತದೆ, ಹೇಳಿದ ದಿನಕ್ಕೆ ತಪ್ಪದೆ ರಕ್ತಪರೀಕ್ಷೆ ಮಾಡಿಸಿ.

ಪ್ರಶ್ನೆ: ನಾನು ಬಿ.ಎಸ್ಸಿ. ವಿದ್ಯಾರ್ಥಿ. ಪಿ53 ಇಲ್ಲದ್ದರಿಂದಲೇ ಮದ್ದು ನಾಟುವುದಿಲ್ಲವೆಂದಾದರೆ ಇನ್ಸುಲಿನ್ ಕೊಟ್ಟಂತೆ ಪಿ53 ಅನ್ನೇ ಚುಚ್ಚುಮದ್ದಾಗಿ ಕೊಡಬಹುದಲ್ಲವೇ? (ಧಾರವಾಡ)

ಉತ್ತರ: ಇನ್ಸುಲಿನ್ ಜೀವಕೋಶದ ಹೊರಗಿನಿಂದ ಕದ ತಟ್ಟುವ ಪ್ರೋಟೀನು, ರಕ್ತದಲ್ಲಿ ಸೇರಿಸಿದರೆ ಸಾಕು. ಪಿ53 ಕೆಲಸ ಮಾಡುವುದು ಕೋಶಕೇಂದ್ರದೊಳಗೆ ಡಿಎನ್‌ಎಯ ಮೇಲೆ ಕುಳಿತು. ಗಡ್ಡೆಯ ಪ್ರತಿಯೊಂದು ಜೀವಕೋಶದ ಒಳಗೂ ಅದನ್ನು ಮುಟ್ಟಿಸಬೇಕು. ಮುಟ್ಟದೆ ಉಳಿದ ಕೆಲವೇ ಕೆಲವು ಸಾಕು, ಗಡ್ಡೆ ಮತ್ತೆ ಬೆಳೆಯುತ್ತದೆ. ಶೀತ ಬರಿಸುವ ಅಡಿನೊವೈರಸ್ಸಿನ ಒಳಗೆ ಸರಿಯಾದ ಟಿಪಿ53 ತುಂಬಿ ಗಡ್ಡೆಗೆ ಚುಚ್ಚುವ 'ಜೆಂಡಿಸಿನ್' ಎಂಬ ಮದ್ದಿಗೆ ಚೀನಾ 2003ರಲ್ಲೇ ಅನುಮತಿ ಕೊಟ್ಟಿತು, ತಲೆ ಮತ್ತು ಕತ್ತಿನ ಕ್ಯಾನ್ಸರುಗಳಿಗೆ. ಇಪ್ಪತ್ತು ವರ್ಷ ಕಳೆದರೂ ಅದು ಅಮೆರಿಕ, ಯುರೋಪುಗಳ ಅನುಮತಿ ಪಡೆದಿಲ್ಲ. ಇನ್ನೊಂದು ತೊಡಕೂ ಇದೆ: ಪಿ53 ನಾಲ್ಕು ನಾಲ್ಕು ಸೇರಿ ಕೆಲಸ ಮಾಡುತ್ತದೆ. ಪಲ್ಲಕ್ಕಿ ಹೊರುವ ನಾಲ್ವರಲ್ಲಿ ಕುಂಟುವವರು ಸೇರಿಕೊಂಡರೆ ಏನಾಗುತ್ತದೋ, ಕೆಟ್ಟ ಪಿ53 ರಾಶಿಬಿದ್ದ ಜೀವಕೋಶಕ್ಕೆ ಒಳ್ಳೆಯದನ್ನು ಕಳಿಸಿದಾಗಲೂ ಅದೇ ಆಗುತ್ತದೆ.

ಹಾಗಾಗಿ ಇಂದಿನ ಪ್ರಯತ್ನಗಳು ಎರಡು ದಾರಿಯಲ್ಲಿವೆ. ಪಿ53 ಸರಿಯಿದ್ದೂ ಎಂಡಿಎಂ2 ಅದನ್ನು ಅಳತೆಮೀರಿ ನಾಶಮಾಡುವ ಗಡ್ಡೆಗಳಲ್ಲಿ ಎಂಡಿಎಂ2 ಅನ್ನು ತಡೆಯುವುದು ಒಂದು ದಾರಿ. ಅಂಥ ಮೊದಲ ಅಣುಗಳಾದ ನಟ್ಲಿನ್‌ಗಳು 2004ರಲ್ಲಿ ಬಂದವು. ಆದರೆ ಅವು ಆರೋಗ್ಯವಂತ ಜೀವಕೋಶಗಳ ಪಿ53ಯನ್ನೂ ಎಬ್ಬಿಸುವುದರಿಂದ ರಕ್ತದ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್) ಇಳಿಯುತ್ತವೆ, ಹೊಟ್ಟೆ ಕೆಡುತ್ತದೆ; ಸಾಲದೆಂಬಂತೆ ಟಿಪಿ53 ಅನ್ನು ಕೆಡಿಸಿಕೊಂಡ ಜೀವಕೋಶಗಳು ತಪ್ಪಿಸಿಕೊಂಡು ಮುಂದೆ ಬರುತ್ತವೆ. ಕೆಟ್ಟ ಪಿ53ಯ ಆಕಾರವನ್ನು ಸಣ್ಣ ಅಣುವಿನಿಂದ ನೆಟ್ಟಗೆ ಮಾಡುವುದು ಎರಡನೆಯ ದಾರಿ. ಎಪ್ರೆನೆಟಪಾಪ್ಟ್ ಎಂಬುದರ ಮೇಲೆ ಬಹಳ ಆಸೆಯಿತ್ತು. 2020ರ ಕೊನೆಯಲ್ಲಿ ಅದರ ಮೂರನೆಯ ಹಂತದ ಪ್ರಯೋಗ ಗುರಿ ಮುಟ್ಟಲಿಲ್ಲ. ಈಗ ಕಣ್ಣಿರುವುದು ವೈ220ಸಿ ಎಂಬ ಒಂದೇ ಒಂದು ದೋಷದ ಮೇಲೆ. ಅದರಿಂದ ಪ್ರೋಟೀನಿನ ಮೈಯಲ್ಲಿ ಒಂದು ಚಿಕ್ಕ ಗುಳಿ ಬೀಳುತ್ತದೆ. ಆ ಗುಳಿಗೆ ಬೆಣೆಯಂತೆ ಕೂರುವ ಮದ್ದನ್ನು ರೋಗಿಗಳಲ್ಲಿ ಪರೀಕ್ಷಿಸುತ್ತಿದ್ದಾರೆ.

ವಂಶವಾಹಿ ಕೆಡುವುದು ಮತ್ತು ಪ್ರೋಟೀನು ಇಲ್ಲವಾಗುವುದು ಒಂದೇ ಅಲ್ಲ ಎಂಬುದನ್ನೂ ವಿದ್ಯಾರ್ಥಿಯಾದ ನೀವು ಗಮನಿಸಿ. ಹೊಗೆಸೊಪ್ಪಿನಿಂದ ಬರುವ ಬಾಯಿ ಕ್ಯಾನ್ಸರಿನಲ್ಲಿ ಟಿಪಿ53 ಬಹಳ ಸಲ ಕೆಟ್ಟಿರುತ್ತದೆ. ಎಚ್‌ಪಿವಿ ವೈರಸ್ಸಿನಿಂದ ಬರುವ ಗಂಟಲಿನ ಕ್ಯಾನ್ಸರಿನಲ್ಲಿ ವಂಶವಾಹಿ ಸಾಮಾನ್ಯವಾಗಿ ಸರಿಯಿರುತ್ತದೆ, ಆದರೆ ವೈರಸ್ಸಿನ ಇ6 ಪ್ರೋಟೀನು ತಯಾರಾದ ಪಿ53ಯನ್ನು ತಯಾರಾದಂತೆಯೇ ನಾಶಮಾಡುತ್ತಿರುತ್ತದೆ. ಎರಡನೆಯ ಬಗೆಯವರಿಗೆ ವಿಕಿರಣವೂ ಕೀಮೋ ಕೂಡ ಹೆಚ್ಚು ಚೆನ್ನಾಗಿ ನಾಟುತ್ತವೆ, ಮತ್ತು ಅದಕ್ಕೊಂದು ಕಾರಣ ಮೂಲ ವಂಶವಾಹಿ ಅಲ್ಲಿ ಇನ್ನೂ ಜೀವಂತವಾಗಿರುವುದು. ಪಿ53 ಇದ್ದರೆ ಸಾಕು, ಮದ್ದು ನಾಟಿಯೇ ತೀರುತ್ತದೆ ಎಂದೂ ಬರೆದುಕೊಳ್ಳಬೇಡಿ. ಇಲಿಗಳ ಸ್ತನ ಕ್ಯಾನ್ಸರಿನ ಮೇಲೆ ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಡಾಕ್ಸೊರುಬಿಸಿನ್ ಕೊಟ್ಟಾಗ ಪಿ53 ಸರಿಯಿದ್ದ ಗಡ್ಡೆಗಳು ಸಾಯುವ ಬದಲು ವಿಭಜನೆ ನಿಲ್ಲಿಸಿ ಮಲಗಿಕೊಂಡವು, ಸುತ್ತಲಿನವುಗಳಿಗೆ ಬೆಳೆಯಲು ಸಂಕೇತ ಕಳಿಸಿದವು, ಗಡ್ಡೆ ಬೇಗ ಮರಳಿತು. ಪಿ53 ಇಲ್ಲದವು ನಿಲ್ಲಲು ಗೊತ್ತಿಲ್ಲದೆ ವಿಭಜಿಸುತ್ತಲೇ ಹೋಗಿ ಸತ್ತವು. ಒಂದೇ ಪ್ರೋಟೀನು ಒಂದು ಅಂಗದಲ್ಲಿ 'ಸಾಯಿ' ಎಂದೂ ಇನ್ನೊಂದರಲ್ಲಿ 'ತಡೆ' ಎಂದೂ ಹೇಳುವುದನ್ನು ಯಾವುದು ನಿರ್ಧರಿಸುತ್ತದೆ ಎಂಬುದು ಎಂ.ಎಸ್ಸಿ.ಗೆ ಒಳ್ಳೆಯ ವಿಷಯ.

ಪ್ರಶ್ನೆ: ಅರಿಶಿನ ಪಿ53ಯನ್ನು ಹೆಚ್ಚಿಸುತ್ತದೆಂದು ನಂಬಿ ನಮ್ಮವರು ಕೀಮೋ ಜೊತೆಗೆ ಕರ್ಕ್ಯುಮಿನ್ ಮಾತ್ರೆ ನುಂಗುತ್ತಿದ್ದಾರೆ. ಮದ್ದು ನಾಟಲು ಸಹಾಯವಾದೀತೇ? (ಹೆಸರು ಬೇಡ, ದೇವನಹಳ್ಳಿ)

ಉತ್ತರ: ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಕರ್ಕ್ಯುಮಿನ್ ಸುರಿದರೆ ಪಿ53 ಬದಲಾಗುವುದನ್ನು ಕಂಡಿದ್ದಾರೆ. ನುಂಗಿದ ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಮೇಲಾಗಿ, ಹೆಚ್ಚಿಸಿದರೂ ಕೆಟ್ಟ ಪಿ53 ಹೆಚ್ಚಾಗಿ ಏನು ಫಲ ಎಂಬುದನ್ನು ಮೊದಲ ಉತ್ತರದ ಕಂದು ಬಣ್ಣದಲ್ಲೇ ನೋಡಿದಿರಿ. ಸಾರಿಗೆ ಹಾಕುವ ಅರಿಶಿನಕ್ಕೆ ನನ್ನ ಅಡ್ಡಿಯಿಲ್ಲ. ಮಾತ್ರೆಯನ್ನು ವೈದ್ಯರಿಗೆ ತೋರಿಸದೆ ಕೊಡಬೇಡಿ. ಬಾರ್ಟಿಜೊಮಿಬ್ ಎಂಬ ಕ್ಯಾನ್ಸರ್ ಮದ್ದಿಗೆ ಗ್ರೀನ್ ಟೀಯ ಸಾರ ಅಂಟಿಕೊಂಡು ಅದನ್ನು ನಿಷ್ಪ್ರಯೋಜಕ ಮಾಡುವುದನ್ನು ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಅಂಥ ಕಡೆ ಮದ್ದು ನಾಟದಿದ್ದರೆ ಪಿ53ಯನ್ನು ದೂರಿ ಪ್ರಯೋಜನವಿಲ್ಲ.

ಚಕ್ಕೋತಕ್ಕೆ ಹೆಸರಾದ ದೇವನಹಳ್ಳಿಯವರಾದ್ದರಿಂದ ನಿಮಗೆ ಇನ್ನೊಂದು ಮಾತು. ಓಲಾಪರಿಬ್, ಪಾಲ್ಬೊಸಿಕ್ಲಿಬ್, ಇಬ್ರುಟಿನಿಬ್, ವೆನೆಟೊಕ್ಲಾಕ್ಸ್ ಗುಳಿಗೆಗಳ ಚೀಟಿಯಲ್ಲಿ ದ್ರಾಕ್ಷಿಹಣ್ಣಲ್ಲದ 'ಗ್ರೇಪ್‌ಫ್ರೂಟ್' ಎಂಬ ಹಣ್ಣು ತಿನ್ನಬಾರದೆಂದು ಬರೆದಿರುತ್ತದೆ. ಅದು ನಮ್ಮ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ ಹುಟ್ಟಿದ ಹಣ್ಣು. ಮದ್ದನ್ನು ಕರಗಿಸಿ ಕಳೆಯುವ ಕಿಣ್ವವನ್ನು ತಡೆದು ರಕ್ತದಲ್ಲಿ ಮದ್ದಿನ ಮಟ್ಟವನ್ನು ಏರಿಸುವ ಅದೇ ಬಗೆಯ ರಾಸಾಯನಿಕಗಳು ಚಕ್ಕೋತದಲ್ಲೂ ಇವೆ. ಮನೆಯ ಹಿತ್ತಲಿನ ಮರದಲ್ಲಿ ಈ ವರ್ಷ ಎಷ್ಟೇ ಕಾಯಿ ಬಿಟ್ಟಿರಲಿ, ಈ ಗುಳಿಗೆಗಳು ನಡೆಯುತ್ತಿರುವಷ್ಟು ದಿನ ರೋಗಿಯ ತಟ್ಟೆಗೆ ಅದು ಬೇಡ.